ಕೆಂಪು ಟಿಕಳಿ, ಹಸಿರು ಟಿಕಳಿ

ಕಾಕುವಿನ ಬಲಗೈ ಹೆಬ್ಬೆರಳ ಉಗುರಿನ ಅಂಚಿನಲ್ಲಿ ಸದಾ ನೇರಳೆ ಬಣ್ಣ ಇರುತ್ತಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಒಣಗಿಸುವುದು ಅವರ ಕೆಲಸ. ಗ್ಲೌಸ್ ಹಾಕಿಕೊಂಡರೂ ಆ ಬಣ್ಣ ಹೇಗೋ ಒಳಗೆ ಇಳಿಯುತ್ತಿತ್ತು. ಅವರು ಚಪಾತಿ ಲಟ್ಟಿಸುವಾಗ ನಾನು ಆ ಉಗುರನ್ನೇ ನೋಡುತ್ತ ಕೂರುತ್ತಿದ್ದೆ.

ಟೂಟಿಂಗಿನಲ್ಲಿ ನಮ್ಮ ಫ್ಲ್ಯಾಟಿನ ಕೆಳಗಿನ ಮನೆ ಅವರದು. ರಕ್ತಸಂಬಂಧವೇನಿಲ್ಲ. ನಾವು ಬೆಳಗಾವಿಯವರು, ಅವರು ಧಾರವಾಡದವರು. ಲಂಡನ್ನಿನಲ್ಲಿ ಒಬ್ಬರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನಲು ಅಷ್ಟು ಸಾಕು. ಅವರಷ್ಟು ಅಂಜುಬುರುಕರನ್ನು ನಾನು ಬೇರೆ ಕಂಡಿಲ್ಲ. ನಗರಸಭೆಯ ಕೌನ್ಸಿಲ್ಲಿನಿಂದ ಕಾಗದ ಬಂದರೆ ಒಡೆಯದೆ ಎರಡು ದಿನ ಫ್ರಿಜ್ಜಿನ ಮೇಲಿಡುವರು. ಎಸ್ಕಲೇಟರ್ ಕಂಡರಂತೂ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅಷ್ಟು ವರ್ಷ ಆ ಊರಲ್ಲಿದ್ದೂ ಬಸ್ಸಿನಲ್ಲೇ ಓಡಾಡಿದವರು. ನಾನು ನಕ್ಕರೆ, "ನಗು, ನಗು. ಅಂಜಿದಾಕಿ ಎರಡ ಸಲ ನೋಡ್ತಾಳವಾ. ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋಗಿಲ್ಲ ನನ್ನ ಕೈಯಾಗ" ಎನ್ನುತ್ತಿದ್ದರು.

ನನ್ನ ಅಂಜಿಕೆ ಕಣ್ಣು ಮುಚ್ಚಿಕೊಳ್ಳುವ ಜಾತಿಯದು. ಮೆಡಿಕಲ್ ಸೀಟು ಸಿಗದೆ ಅಕ್ಸ್‌ಬ್ರಿಡ್ಜಿನ ಯೂನಿವರ್ಸಿಟಿಯಲ್ಲಿ ಬಯೋಕೆಮಿಸ್ಟ್ರಿ ಸೇರಿದ್ದೆ. ಡಿಗ್ರಿ ಮುಗಿಸಿದವರೂ ಒಂದು ಪ್ರವೇಶ ಪರೀಕ್ಷೆ ಬರೆದು ಡಾಕ್ಟರಿಕೆ ಕಲಿಯುವ ಹೊಸ ದಾರಿ ಆಗಷ್ಟೇ ತೆರೆದಿತ್ತು. ಅಪ್ಪನಿಗೆ ಅಷ್ಟು ತಾಳ್ಮೆ ಎಲ್ಲಿಯದು! ಯುಗಾದಿ ಕೂಟದಲ್ಲಿ ಹೋಳಿಗೆ ತಟ್ಟೆ ಹಿಡಿದುಕೊಂಡೇ, "ಮಗಳು ಡಾಕ್ಟರ್ ಕಲಿಯಾಕತ್ತಾಳ" ಎಂದು ಎಲ್ಲರಿಗೂ ಹೇಳಿಬಿಟ್ಟರು. ಆಮೇಲೆ ಯಾರಾದರೂ ಮೊಣಕಾಲು ನೋವೆಂದು ನನ್ನ ಹತ್ತಿರ ಬಂದರೆ ತಟ್ಟೆ ತೊಳೆಯುವ ನೆಪದಲ್ಲಿ ಅಡುಗೆಮನೆಗೆ ನುಸುಳುತ್ತಿದ್ದೆ.

ಎರಡನೆಯ ವರ್ಷಕ್ಕೆ ಕೋರ್ಸುಗಳನ್ನು ಆರಿಸಿ ಫಾರ್ಮ್ ಕೊಡಬೇಕಿತ್ತು. ಮೆಟಬಾಲಿಸಮ್, ಅಂದರೆ ತಿಂದದ್ದು ಮೈಯೊಳಗೆ ಶಕ್ತಿಯಾಗುವ ಪಾಠ, ಮೊದಲ ವರ್ಷವೇ ನನ್ನನ್ನು ಫೇಲ್ ಮಾಡಿತ್ತು. ಮತ್ತೊಮ್ಮೆ ಬರೆದು ಪಾಸಾಗಿದ್ದೆ. ಅದರ ಮುಂದಿನ ಕೋರ್ಸು ಕಡ್ಡಾಯವಿರಲಿಲ್ಲ. ಬಿಟ್ಟರೆ ಡಿಗ್ರಿಯಲ್ಲಿ ಒಳ್ಳೆಯ ಕ್ಲಾಸು ಬರುತ್ತಿತ್ತು, ಆದರೆ ಪ್ರವೇಶ ಪರೀಕ್ಷೆಯಲ್ಲಿ ಬರೆಯಲು ತಲೆಯಲ್ಲಿ ಏನೂ ಇರುತ್ತಿರಲಿಲ್ಲ. ತೆಗೆದುಕೊಂಡು ಮತ್ತೆ ಫೇಲಾದರೆ ಕ್ಲಾಸೂ ಇಲ್ಲ, ಮೆಡಿಕಲ್ಲೂ ಇಲ್ಲ. ಮೂರು ವಾರ ಫಾರ್ಮನ್ನು ಬ್ಯಾಗಿನಿಂದ ಹೊರಗೆ ತೆಗೆಯಲೇ ಇಲ್ಲ. ಕೊನೆಗೆ ಅಮ್ಮ ಕಾಕುವಿಗೆ ಹೇಳಿದಳು. ಕಾಕು ಧಾರವಾಡದಲ್ಲಿ ಅದೇ ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದವರು.

ಅವರು ಅಡುಗೆಮನೆಯ ಟೇಬಲ್ಲಿನ ಮೇಲೆ ಕೋರ್ಸುಗಳ ಪಟ್ಟಿಯನ್ನೂ ಪ್ರವೇಶ ಪರೀಕ್ಷೆಯ ಸಿಲಬಸ್ಸನ್ನೂ ಅಕ್ಕಪಕ್ಕ ಇಟ್ಟು, ಹಣೆಗೆ ಹಚ್ಚುವ ಅಂಟು ಟಿಕಳಿಯ ಎರಡು ಪಾಕೀಟು ತಂದರು.

"ಪರೀಕ್ಷಾದಾಗ ಕೇಳೋದಕ್ಕೆಲ್ಲ ನಾ ಕೆಂಪು ಹಚ್ಚತೀನಿ. ಯಾವುದು ನೋಡಿದ್ರ ನಿನ್ನ ಎದಿ ಝಲ್ ಅಂತದ, ಅದಕ್ಕ ನೀ ಹಸಿರು ಹಚ್ಚು. ಸುಳ್ಳು ಹಚ್ಚಬ್ಯಾಡ."

ಎರಡು ಬಣ್ಣವೂ ಬಿದ್ದದ್ದು ಮೆಟಬಾಲಿಸಮ್ ಒಂದರ ಮೇಲೆಯೇ. ಅದನ್ನೇ ಆರಿಸು ಎನ್ನುವಂತೆ ಅವರು ಫಾರ್ಮನ್ನು ನನ್ನ ಮುಂದೆ ಸರಿಸಿದರು.

"ಕಾಕು, ಐ ಕಾಂಟ್. ಮತ್ತ ಫೇಲಾದ್ರ?"

"ಆಗಬಹುದು," ಎಂದರು. ಧೈರ್ಯ ಹೇಳುತ್ತಾರೆಂದು ಕಾದಿದ್ದ ನನಗೆ ಅಳುವೇ ಬಂತು. ಅವರು ನೇರಳೆ ಉಗುರನ್ನು ಉಜ್ಜುತ್ತ, "ಇಲ್ಲೆ ಲ್ಯಾಬ್ ಸೈಂಟಿಸ್ಟ್ ಆಗೋ ರಿಜಿಸ್ಟ್ರೇಷನ್ ಪರೀಕ್ಷಾದ ಫಾರ್ಮ್ ನಾನೂ ತುಂಬಿದ್ದೆ. ಕಳಿಸಲಿಲ್ಲ. ಅದಕ್ಕ ಇನ್ನೂ ಅಸಿಸ್ಟೆಂಟ್ ಆಗೇ ಅದೀನಿ" ಎಂದರು.

ಮೆಟಬಾಲಿಸಮ್ ಎಂದೇ ತುಂಬಿದ ಫಾರ್ಮನ್ನು ನಾನು ದಾರಿಯಲ್ಲಿ ಎಸೆದುಬಿಡುತ್ತೇನೆಂದು ಅವರಿಗೆ ಗುಮಾನಿ. ಕೊನೆಯ ದಿನ ರಜೆ ಹಾಕಿ ನನ್ನ ಜೊತೆಗೇ ಹೊರಟರು. ಬಸ್ಸಿನಲ್ಲಿ ಹೋದರೆ ಆಫೀಸು ಮುಚ್ಚುವ ಹೊತ್ತಾಗುತ್ತಿತ್ತು, ನೆಲದಡಿಯ ಟ್ಯೂಬ್ ರೈಲೇ ಗತಿ. ಎಸ್ಕಲೇಟರಿನ ಮುಂದೆ ನಿಂತಾಗ ಅವರ ಮುಖ ಬಿಳುಚಿಕೊಂಡಿತು. ಹಿಂದಿನವರು ಗೊಣಗತೊಡಗಿದರು. "ನೀ ಫಾರ್ಮ್ ಹಿಡಿ, ನಾ ನಿನ್ನ ಹಿಡೀತೀನಿ" ಎಂದು ನನ್ನ ಮೊಣಕೈ ಹಿಡಿದು, ಕಣ್ಣು ತೆರೆದುಕೊಂಡೇ ಕಾಲಿಟ್ಟರು. ಅವರ ಉಗುರಿನ ಗುರುತು ಸಂಜೆಯವರೆಗೂ ಹೋಗಲಿಲ್ಲ. ಫಾರ್ಮ್ ಕೊಟ್ಟು ಬಂದೆವು.

ಆ ವರ್ಷವಿಡೀ ಹೆದರಿಕೊಂಡೇ ಓದಿದೆ. ಮೆಟಬಾಲಿಸಮ್ಮಿನಲ್ಲಿ ಪಾಸಾದೆ, ಡಿಗ್ರಿ ಮುಗಿಸಿ ಬರೆದ ಪ್ರವೇಶ ಪರೀಕ್ಷೆ ಎರಡನೆಯ ಸಲಕ್ಕೆ ಆಯಿತು.

ನಾನು ಡಾಕ್ಟರಾದ ಮರುವರ್ಷ ಕಾಕು ಆಸ್ಪತ್ರೆಯಲ್ಲಿ ಮಲಗಿದರು. ತಮ್ಮ ರಕ್ತದ ರಿಪೋರ್ಟನ್ನು ಕೇಳಿ ತರಿಸಿಕೊಂಡಿದ್ದರು. ಅಕ್ಷರ ಕಾಣಿಸದೆ ನನ್ನ ಕೈಗಿತ್ತರು. ಆ ಅಂಕಿಗಳನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಷ್ಟು ಭಯ ನನಗೆ ಯಾವ ಪರೀಕ್ಷೆಯಲ್ಲೂ ಆಗಿರಲಿಲ್ಲ. ಹಾಳೆ ಮಡಚಿ, "ಎಲ್ಲಾ ಛಲೋ ಅದ ಕಾಕು" ಎಂದುಬಿಡೋಣ ಅನ್ನಿಸಿತು.

"ಸುಳ್ಳು ಹಚ್ಚಬ್ಯಾಡ," ಎಂದರು.

ಮತ್ತೊಮ್ಮೆ ಮೊದಲಿನಿಂದ ಓದಿದೆ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಎರಡ ಸಲ ನೋಡಿದ್ಯೇನ?"

"ನೋಡಿದೆ."

"ಹಂಗಾರ ಖರೇ ಅದ," ಎಂದು ಕೈ ಚಾಚಿ ನನ್ನ ಮೊಣಕೈ ಹಿಡಿದುಕೊಂಡರು. ನಾಲ್ಕನೆಯ ದಿನ ತೀರಿಕೊಂಡರು. ಇಂದಿಗೂ ಯಾರದೇ ರಿಪೋರ್ಟ್ ಕೈಗೆ ಬಂದರೂ ನನ್ನ ಎದೆ ಝಲ್ ಎನ್ನುತ್ತದೆ, ಎರಡು ಸಲ ನೋಡುತ್ತೇನೆ.