ದೇವಳಾಲಿಯಲ್ಲಿ ಕೊಂಡ ಕಸದ ಮಿಷಿನ್

ಮನೆಗೊಂದು ಒಳ್ಳೆಯ ವ್ಯಾಕ್ಯೂಮ್ ಕ್ಲೀನರ್ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಕೆಲವು ಮಾತು ಹೇಳಬಲ್ಲೆ. ಕೊಳ್ಳುವ ಮುಂಚೆ ಒಮ್ಮೆ ಎತ್ತಿ ನೋಡಿ. ವೈರು ಒಂದು ಕೋಣೆಯಿಂದ ಇನ್ನೊಂದಕ್ಕೆ ಮುಟ್ಟುತ್ತದೆಯೋ ನೋಡಿ. ಮಂಚದ ಕೆಳಗೆ ಅದರ ಮೂತಿ ಹೋಗುತ್ತದೆಯೋ ನೋಡಿ. ತುಂಬಿದ ಚೀಲವನ್ನು ಬಿಚ್ಚಿ ಚೆಲ್ಲುವಾಗ ಧೂಳು ಮುಖಕ್ಕೆ ಬರುತ್ತದೆಯೋ ಇಲ್ಲವೋ, ಅಂಗಡಿಯಲ್ಲೇ ಬಿಚ್ಚಿಸಿ ನೋಡಿ. ಇವನ್ನೆಲ್ಲ ನಾನು ಕಲಿತದ್ದು ಒಂದು ಸುಳ್ಳು ಹೇಳಿ. ಆ ಸುಳ್ಳು ಹೇಳಿದ್ದು ನನ್ನ ಹೆಂಡತಿಗೆ, ಅವಳ ಉಸಿರಿನ ವಿಷಯದಲ್ಲಿ.

ಎಂಬತ್ತರ ದಶಕದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರ ಗುಮಾಸ್ತನಾಗಿ ಗುಲಬರ್ಗಾ ಕಡೆಯಿಂದ ನಾಸಿಕಕ್ಕೆ ವರ್ಗವಾಗಿ ಬಂದೆ. ದೇವಳಾಲಿ ಕ್ಯಾಂಪ್‌ನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿತು. ಆ ಮನೆಯನ್ನು ನೆನೆದರೆ ಈಗಲೂ ಮನಸ್ಸು ತಣ್ಣಗಾಗುತ್ತದೆ. ಚಳಿಗಾಲದ ಬೆಳಿಗ್ಗೆ ಬೇಕರಿಯಿಂದ ಬಿಸಿ ಪಾವ್ ವಾಸನೆ ಬರುತ್ತಿತ್ತು. ಸಂಜೆ ಆಫೀಸರುಗಳ ಹೆಂಡತಿಯರು ಸ್ವೆಟರ್ ಹಾಕಿಕೊಂಡು ಪೇಟೆ ತಿರುಗುತ್ತಿದ್ದರು. ನೆಲಕ್ಕೆ ಹಾಸಿದ್ದು ನಮ್ಮ ಕಡೆಯ ಶಹಾಬಾದ್ ಕಲ್ಲು. ಮನೆಗೆ ಬಂದ ಮೊದಲ ದಿನ ನನ್ನಾಕೆ ಬರಿಗಾಲಲ್ಲಿ ಅದರ ಮೇಲೆ ನಿಂತು, "ಇದಾದ್ರೂ ನಮ್ಮೂರಿಂದು ಅದ ನೋಡ್ರಿ" ಎಂದಿದ್ದಳು.

ದೂರದಲ್ಲಿ ಸೈನ್ಯದವರು ತೋಪು ಹಾರಿಸುವುದನ್ನು ಕಲಿಯುತ್ತಿದ್ದರು. ಅದು ಗುಡುಗಿದಾಗಲೆಲ್ಲ ಹಂಚಿನ ಸಂದಿಯಿಂದ ಧೂಳು ಹಿಟ್ಟಿನ ಹಾಗೆ ಉದುರುತ್ತಿತ್ತು. ಅವಳು ಮತ್ತೆ ಕಸಬರಗಿ ಹಿಡಿಯುತ್ತಿದ್ದಳು. ಮೊದಲು ಕೆಮ್ಮು ಬಂತು. ಆಮೇಲೆ ಕಸ ಹೊಡೆದು ಮುಗಿಸುವಷ್ಟರಲ್ಲಿ ಗೋಡೆಗೆ ಆತು ಕೂತು ಉಸಿರಿಗಾಗಿ ಬಾಯಿ ತೆರೆಯುವ ಹಾಗಾಯಿತು.

ಕ್ಯಾಂಪಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ರೋಗಿಗಳೊಂದಿಗೆ ಮರಾಠಿಯಲ್ಲೇ ಮಾತಾಡುತ್ತಿದ್ದರು. ನನಗೆ ಕಚೇರಿಯಲ್ಲಿ ಮರಾಠಿ ರೂಢಿಯಾಗಿತ್ತು. ಅವಳಿಗೆ ಆಗ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ವರ್ಗವಾಗಿ ಹೋದ ನಮ್ಮಂಥ ಮನೆಗಳಲ್ಲಿ ಇದೇ ಪದ್ಧತಿ. ಊರಿನ ಮಾತೆಲ್ಲ ಗಂಡನ ಬಾಯಿಂದಲೇ ಹೆಂಡತಿಗೆ ಮುಟ್ಟಬೇಕು. ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿದರು, ಗುಳಿಗೆ ಬರೆದರು, ಕೊನೆಗೆ ನನ್ನ ಕಡೆ ತಿರುಗಿ ಬೆರಳು ಮಾಡಿದರು. "ಇವರಿಗೆ ಧೂಳು ಆಗುವುದಿಲ್ಲ. ಇವರ ಕೈಯಲ್ಲಿ ಕಸ ಹೊಡೆಸಬೇಡಿ. ಮನೆಯಲ್ಲಿ ಬೇರೆ ಯಾರೂ ಇಲ್ಲವಾದರೆ ನೀವೇ ಹೊಡೆಯಿರಿ. ಗುಳಿಗೆಗಿಂತ ಅದೇ ದೊಡ್ಡ ಔಷಧ" ಎಂದರು.

ಹೊರಗೆ ಬಂದ ಮೇಲೆ ಅವಳು ಕೇಳಿದಳು: "ಡಾಕ್ಟರ್ ಏನಂದ್ರು ರೀ?"

"ಧೂಳು ಆಗಂಗಿಲ್ಲಂತ. ಕಸಾ ಹೀರೋ ಮಿಷಿನ್ ತಗೋಬೇಕಂತ."

ಡಾಕ್ಟರು ಮಿಷಿನ್ನಿನ ಹೆಸರೇ ಎತ್ತಿರಲಿಲ್ಲ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಗಂಡಸರು ಕಸಬರಗಿಯನ್ನು ದಾಟುತ್ತಿರಲಿಲ್ಲ, ಮುಟ್ಟುತ್ತಲೂ ಇರಲಿಲ್ಲ. ನಾವಿದ್ದದ್ದು ಸಾಲುಮನೆಗಳ ಚಾಳು. ಅಂಗಳಕ್ಕೆ ಅಂಗಳ ತಾಗಿದ ಅಲ್ಲಿ ನಾನು ಬಗ್ಗಿ ಕಸ ಹೊಡೆಯುವುದನ್ನು ಹಿಂಬದಿಯ ಮನೆಯಲ್ಲಿದ್ದ ನಮ್ಮ ಹೆಡ್ ಕ್ಲರ್ಕ್ ನೋಡಿದರೆ ಮರುದಿನ ಕಚೇರಿಗೆಲ್ಲ ಸುದ್ದಿ. ಕೆಲಸದ ಬಾಯಂದಿರು ಆಫೀಸರುಗಳ ಬಂಗಲೆ ಬಿಟ್ಟು ನಮ್ಮಂಥವರ ಮನೆಗೆ ಬರುತ್ತಿರಲಿಲ್ಲ. ಹೀಗಾಗಿ ಮಿಷಿನ್ ಎಂಬ ಮಾತು ತಾನಾಗಿ ಬಾಯಿಗೆ ಬಂತು. ಬಂದದ್ದೇ, ನಾನೇ ಅದನ್ನು ನಂಬಿದೆ.

ಹೆಂಡತಿಗೆ ಮಿಷಿನ್ ಕೊಡಿಸುವ ಗಂಡ ಆ ಕಾಲಕ್ಕೆ ದೊಡ್ಡ ಮನುಷ್ಯ. ಕಚೇರಿಯಲ್ಲಿ ನಾನು ದಿನವೂ ಅದೇ ಮಾತು ತೆಗೆಯುತ್ತಿದ್ದೆ. ಹೆಡ್ ಕ್ಲರ್ಕ್ ಬೀದರ್ ಕಡೆಯವರು, ಎಲ್ಲ ಬಲ್ಲವರು. ಅಂಗಡಿಗೆ ನಮ್ಮಿಬ್ಬರ ಜೊತೆ ತಾವೇ ಬಂದರು. ಅಂಗಡಿಯ ಸೇಠ್ ಎರಡು ಮಿಷಿನ್ ಇಳಿಸಿದ. ಒಂದು ಕೆಂಪಗೆ, ಚಿಕ್ಕದು. ಇನ್ನೊಂದು ಡಬ್ಬಿಯಂಥ ಹೊಟ್ಟೆಯ, ಗಾಲಿ ಇದ್ದ ದೊಡ್ಡ ಮಿಷಿನ್. ಅದರ ಜೊತೆ ಒಂದು ಚೀಲ ತುಂಬ ತರತರದ ಮೂತಿಗಳು. ಸೋಫಾಕ್ಕೆ ಒಂದು, ಪರದೆಗೆ ಒಂದು, ಬಣ್ಣ ಹೊಡೆಯಲಿಕ್ಕೂ ಒಂದು. ನಮ್ಮ ಮನೆಯಲ್ಲಿ ಸೋಫಾ ಇರಲಿಲ್ಲ, ಪರದೆಯೂ ಇರಲಿಲ್ಲ.

ಸೇಠ್ ನೆಲಕ್ಕೆ ರಂಗೋಲಿ ಪುಡಿ ಚೆಲ್ಲಿ ಎರಡನ್ನೂ ಓಡಿಸಿ ತೋರಿಸಿದ. ದೊಡ್ಡದು ಮಾಡಿದ ಸದ್ದಿಗೆ ಬೀದಿಯಲ್ಲಿ ಹೋಗುವವರು ನಿಂತು ಇಣುಕಿದರು.

"ಆವಾಜ್ ಕೇಳ್ರಿ! ಆವಾಜ್ ಎಷ್ಟೋ ತಾಕತ್ ಅಷ್ಟು" ಎಂದರು ಹೆಡ್ ಕ್ಲರ್ಕ್.

ನನ್ನಾಕೆ ಅಷ್ಟರಲ್ಲಿ ತುಂಬಿದ ಕೊಡ ಎತ್ತುವ ಹಾಗೆ ಸೊಂಟಕ್ಕೆ ಆನಿಸಿ ಒಂದೊಂದನ್ನೇ ಎತ್ತಿ ನೋಡುತ್ತಿದ್ದಳು. ಕೆಂಪನೆಯದನ್ನು ಇಳಿಸದೆ ಹಾಗೇ ಹಿಡಿದುಕೊಂಡು, "ಇದು ಹಗುರ ಅದ ರೀ. ಮತ್ತ ಇದ್ರ ಹೊಟ್ಟಿ ಹೆಂಗ ಬಿಚ್ಚಾದು, ಕೇಳ್ರಿ ಅವಂಗ" ಎಂದಳು.

"ವೈನಿ, ಇದೇನ್ ಬಗಲಾಗ ಇಟ್ಕೊಂಡ್ ತಿರುಗೋ ಕೂಸೇನ್ರಿ?" ಎಂದು ಹೆಡ್ ಕ್ಲರ್ಕ್ ನಕ್ಕರು. ನಾನೂ ನಕ್ಕೆ. ಅವಳ ಮಾತನ್ನು ಸೇಠ್‌ಗೆ ದಾಟಿಸಲೇ ಇಲ್ಲ. ದೊಡ್ಡದನ್ನು ಟಾಂಗಾದಲ್ಲಿ ಹೇರಿಸಿಕೊಂಡು ಮನೆಗೆ ಬಂದೆವು. ದಾರಿಯುದ್ದಕ್ಕೂ ಅದು ಜನರಿಗೆ ಕಾಣುವ ಹಾಗೆ ಹಿಡಿದುಕೊಂಡಿದ್ದೆ.

ಮೊದಲ ತಿಂಗಳು ಮನೆಯಲ್ಲಿ ಜಾತ್ರೆ. ಅಕ್ಕಪಕ್ಕದವರು ಚಹಾ ಕುಡಿದು ಮಿಷಿನ್ ನೋಡಿ ಹೋಗುತ್ತಿದ್ದರು. ಬಣ್ಣ ಹೊಡೆಯುವ ಮೂತಿ ಹಚ್ಚಿ ಕಬ್ಬಿಣದ ಮಂಚಕ್ಕೆ ಹಸಿರು ಬಣ್ಣ ಹೊಡೆದೆ. ಮಂಚಕ್ಕಿಂತ ಹೆಚ್ಚು ಗೋಡೆಗೇ ಹತ್ತಿತು. ಆ ಹಸಿರು ಚುಕ್ಕೆಗಳನ್ನು ನೋಡಿ ಅವಳು, "ಗ್ವಾಡಿಗಿ ಸಿಡುಬು ಎದ್ದಾವ ನೋಡ್ರಿ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವೇ ಕೆಮ್ಮಾಗಿ, ಕೆಮ್ಮು ದಮ್ಮಾಗಿ, ನಾನು ನೀರು ತರಲು ಓಡಿದೆ.

ಜಾತ್ರೆ ಮುಗಿದ ಮೇಲೆ ಮಿಷಿನ್ ಅವಳ ಪಾಲಿಗೆ ಉಳಿಯಿತು. ಎರಡು ಕೋಣೆಗಳ ನಡುವಿನ ಹೊಸ್ತಿಲು ಎತ್ತರ. ಅದನ್ನು ದಾಟಿಸಲು ಆ ಭಾರವನ್ನು ಅವಳು ಎತ್ತಲೇಬೇಕು. ಮೂತಿ ಮಂಚದ ಕೆಳಗೆ ಹೋಗುತ್ತಿರಲಿಲ್ಲವಾದ್ದರಿಂದ ಅಲ್ಲಿಗೆ ಕಸಬರಗಿಯೇ ಗತಿ. ಒಳಗಿನ ಬಟ್ಟೆಯ ಚೀಲವನ್ನು ಹಿತ್ತಿಲಲ್ಲಿ ಝಾಡಿಸಿದರೆ ವಾರದ ಧೂಳೆಲ್ಲ ಒಮ್ಮೆಲೇ ಎದ್ದು ಅವಳ ಮುಖಕ್ಕೇ ಬರುತ್ತಿತ್ತು. ಸೆರಗನ್ನು ಮೂಗಿಗೆ ಬಿಗಿದುಕೊಂಡು ಝಾಡಿಸುವುದನ್ನು ನಾನು ಎಷ್ಟೋ ಸಲ ಕಿಟಕಿಯಿಂದ ನೋಡಿದ್ದೇನೆ. ನೋಡಿ, ಷರ್ಟು ಹಾಕಿಕೊಂಡು ಕಚೇರಿಗೆ ಹೋಗಿದ್ದೇನೆ. ಮಿಷಿನ್ ಕೊಡಿಸಿದ್ದೇನಲ್ಲ, ಇನ್ನೇನು ಮಾಡಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ತೊಂಬತ್ತರ ಮೊದಲಲ್ಲಿ ಔರಂಗಾಬಾದಿಗೆ ವರ್ಗವಾಯಿತು. ಈಗ ಅದಕ್ಕೆ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ಅಲ್ಲಿ ಅವಳಿಗೆ ಊರು ಹಿಡಿಸಿತು. ನಳದ ಸಾಲಿನಲ್ಲಿ ನಿಂತು, ಮಾಳಿಗೆಯ ಮೇಲೆ ನೆರೆಯವರೊಂದಿಗೆ ಹಪ್ಪಳ ಒಣಗಿಸುತ್ತ ಮರಾಠಿ ಕಲಿತಳು. ನಮ್ಮೂರ ಕನ್ನಡದ ರಾಗದಲ್ಲೇ ಮರಾಠಿ ಆಡುತ್ತಿದ್ದಳು. ತರಕಾರಿಯವರೊಂದಿಗೆ ಚೌಕಾಸಿಗೆ ಆಮೇಲೆ ನನ್ನ ಹಂಗು ಬೇಕಾಗಲಿಲ್ಲ.

ಒಂದು ಭಾನುವಾರ ಊರಿಂದ ಬಂದ ನೆಂಟರನ್ನು ದೌಲತಾಬಾದ್ ಕೋಟೆಗೆ ಕರೆದುಕೊಂಡು ಹೋದೆವು. ಮೊದಲ ಮೆಟ್ಟಿಲುಗಳಲ್ಲೇ ಅವಳ ಉಸಿರು ಸಿಕ್ಕಿಕೊಂಡಿತು. "ನೀವು ಹತ್ರಿ, ನಾ ಕೆಳಗ ಕೂಡ್ತೀನಿ" ಎಂದು ಪೇರಲ ಮಾರುವವರ ಹತ್ತಿರ ಕೂತಳು. ನಾವು ಕೋಟೆ ನೋಡಿ ಇಳಿದು ಬಂದಾಗಲೂ ಅವಳ ಎದೆ ಸೀಟಿ ಹೊಡೆಯುತ್ತಿತ್ತು. ತುಟಿಯ ಬಣ್ಣ ನೋಡಿ ನನಗೆ ಮೊದಲ ಸಲ ಹೆದರಿಕೆಯಾಯಿತು.

ಮರುದಿನ ನಾನು ಕಚೇರಿಯಲ್ಲಿದ್ದಾಗ ಅವಳು ಪಕ್ಕದ ಮನೆಯಾಕೆಯೊಂದಿಗೆ ತಾನೇ ಡಾಕ್ಟರರ ಹತ್ತಿರ ಹೋಗಿ ಬಂದಿದ್ದಳು. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ಕೇಳಿದಳು:

"ಇಲ್ಲಿ ಡಾಕ್ಟರ್ ಹೇಳಿದ್ರು, ಕಸಕ್ಕ ಕೈ ಹಚ್ಚಬ್ಯಾಡ್ರಿ, ಮನ್ಯಾಗ ಬ್ಯಾರೇದವ್ರಿಗಿ ಮಾಡ್ಲಕ್ಕ ಹೇಳ್ರಿ ಅಂತ. ದೇವಳಾಲಿ ಡಾಕ್ಟರೂ ಇದೇ ಹೇಳಿದ್ರೇನ್ರಿ?"

ಸುಳ್ಳು ಮುಂದುವರಿಸಬಹುದಿತ್ತು. ಅವಳ ಮುಖ ನೋಡಿ ಆಗಲಿಲ್ಲ. "ಹೂಂ" ಎಂದೆ.

"ಮಿಷಿನ್ ಅಂದಿದ್ದು?"

"ನಾನೇ."

ಕೂಗಾಡುತ್ತಾಳೆ ಅಂದುಕೊಂಡೆ. ಉಸಿರು ಎಳೆದುಕೊಂಡು ಹೇಳಿದಳು: "ನಂಗ ಅವತ್ತೇ ಅನಸಿತ್ತು. ಡಾಕ್ಟರ್ ಕೈ ಬಟ್ಟು ನಿಮ್ಮ ಕಡಿ ತೋರಸ್ಲತಿತ್ತು. ನೀವು ಮಿಷಿನ್ ಅಂದ್ರಿ. ಇರ್ಲಿ, ಗಂಡಗ ಮರಾಠ್ಯಾಗ ಮಿಷಿನ್ ಅಂತಾರೇನೋ ಅನಕೊಂಡೆ."

ಪಕ್ಕದ ಮನೆಯಾಕೆ ನಮ್ಮ ಅಡುಗೆ ಮನೆಯಲ್ಲೇ ಇದ್ದರು. ಅವರಿಗೆ ಕನ್ನಡ ಬಾರದಿದ್ದರೂ ನನ್ನ ಮುಖ ನೋಡಿ ಏನು ತಿಳಿಯಿತೋ, ಸೆರಗು ಬಾಯಿಗೆ ಇಟ್ಟುಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ಕಿಟಕಿ ಬಾಗಿಲು ಹಾಕಿಕೊಂಡು ನಾನೇ ಮಿಷಿನ್ ಹಿಡಿದೆ. ಕಸಬರಗಿಯಾಗಿದ್ದರೆ ಸದ್ದಿಲ್ಲದೆ ಮುಗಿಯುತ್ತಿತ್ತು. ಆ ಮಿಷಿನ್ ಇಡೀ ಕಾಲೋನಿಗೆ ಸಾರಿತು. ಅವಳಿಗೆ ಹೊರಗೆ ಮಾಳಿಗೆಯ ಮೇಲೆ ಕುರ್ಚಿ ಹಾಕಿದ್ದೆ. ಅಲ್ಲಿಂದಲೇ, "ಮೂಲಿ ಬಿಟ್ರಿ ನೋಡ್ರಿ, ಸದ್ದಿನ ಮ್ಯಾಗೇ ಗೊತ್ತಾಗ್ತದ" ಎಂದು ಕೂಗುತ್ತಿದ್ದಳು. ಚೀಲ ಝಾಡಿಸಿದ ದಿನ ನನ್ನ ಮೂಗು ಗಂಟಲೆಲ್ಲ ಧೂಳು ತುಂಬಿ ರಾತ್ರಿಯವರೆಗೆ ಸೀನಿದೆ. ಅವಳು ಎಷ್ಟು ವರ್ಷ ಇದನ್ನು ನುಂಗಿದ್ದಳು ಎಂದು ಆಗ ತಿಳಿಯಿತು. ಕೆಮ್ಮು ಕಡಿಮೆಯಾಗುತ್ತ ಬಂತು. ಪೂರ್ತಿ ಹೋಗಲಿಲ್ಲ. ದೇವಳಾಲಿಯಲ್ಲೇ ನಾನು ಕೈ ಹಚ್ಚಿದ್ದರೆ ಪೂರ್ತಿ ಹೋಗುತ್ತಿತ್ತೋ ಏನೋ. ಅದನ್ನು ಯಾವ ಡಾಕ್ಟರರನ್ನೂ ಕೇಳುವ ಧೈರ್ಯ ನನಗೆ ಬರಲಿಲ್ಲ.

ಆ ದೊಡ್ಡ ಮಿಷಿನ್ ಸುಟ್ಟುಹೋದ ಮೇಲೆ ಹೊಸದನ್ನು ಆರಿಸಲು ಇಬ್ಬರೂ ಪೇಟೆಗೆ ಹೋದೆವು. ಅಂಗಡಿಯಲ್ಲಿ ನಮ್ಮ ಕಚೇರಿಯ ಒಬ್ಬರು ಹೆಂಡತಿಯೊಂದಿಗೆ ಫ್ಯಾನ್ ನೋಡುತ್ತಿದ್ದರು. ನನ್ನನ್ನು ಕಂಡು ಕೈ ಎತ್ತಿದರು. ಅಂಗಡಿಯವನು ಒಂದು ಮಿಷಿನ್ ಇಳಿಸಿ, ರೂಢಿಯಂತೆ ಅದರ ಕೊಳವೆಯನ್ನು ನನ್ನಾಕೆಯ ಕಡೆ ಚಾಚಿದ.

ಅವಳು ಕೈ ಹಿಂದೆ ಕಟ್ಟಿಕೊಂಡಳು. ಎಲ್ಲರಿಗೂ ಕೇಳುವ ಹಾಗೆ, "ಹ್ಯಾಂಚ್ಯಾ ಹಾತಾತ್ ದ್ಯಾ, ಭಾವೂ" ಎಂದಳು. ಇವರ ಕೈಗೆ ಕೊಡಿ, ತಮ್ಮಾ.

ನಾನು ಕೊಳವೆ ತೆಗೆದುಕೊಂಡೆ. ಕಚೇರಿಯವರು ನೋಡುತ್ತಿದ್ದ ಹಾಗೆಯೇ ಬಗ್ಗಿ ಅಂಗಡಿಯ ನೆಲದ ಕಸ ಹೊಡೆಯತೊಡಗಿದೆ.