ಪಕ್ಕದಿಂದ ನೋಡುವ ದುರ್ಬೀನು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದರಲ್ಲೂ ನನ್ನ ಐವತ್ತನೇ ಹುಟ್ಟುಹಬ್ಬಕ್ಕೆಂದು ಯಜಮಾನರು ಕೊಡಿಸಲು ಒಪ್ಪಿದ್ದ ದುರ್ಬೀನನ್ನು ಅತ್ತೆ ಆರಿಸಲು ಹೊರಟರೆ ಸುಮ್ಮನಿರುವುದು ಹೇಗೆ?

ಅತ್ತೆಗೆ ಆಕಾಶದಲ್ಲಿ ಗೊತ್ತಿದ್ದವನು ಒಬ್ಬನೇ, ಶನಿ. ಮಾವ ಬೇಗ ಹೋದದ್ದು, ತೋಟದಲ್ಲಿ ಜಾರಿ ಬಿದ್ದು ಅತ್ತೆಯ ಕಾಲು ಮುರಿದದ್ದು, ಕಾಫಿ ಹೂ ಬಿಡಿಸುವ ಹೂಮಳೆ ಕೈಕೊಟ್ಟದ್ದು, ಎಲ್ಲ ಅವನದೇ ಕೆಲಸ. ವಸ್ತಾರೆ ಕಡೆಯ ನಮ್ಮೂರಿನ ಗುಡಿಯಲ್ಲಿ ಪ್ರತಿ ಶನಿವಾರ ಅವನಿಗೆ ಎಳ್ಳೆಣ್ಣೆ ದೀಪ ಹಚ್ಚುತ್ತಾರೆ, ಆದರೆ ಎದುರು ನಿಲ್ಲುವುದಿಲ್ಲ. ಅವನ ದೃಷ್ಟಿಗೆ ನೇರ ಸಿಗಬಾರದೆಂದು ನಮ್ಮಲ್ಲಿ ಎಲ್ಲರೂ ಪಕ್ಕಕ್ಕೆ ನಿಂತೇ ಕೈಮುಗಿಯುವುದು. ಅತ್ತೆಯದು ಮಾತ್ರ ಬರೀ ಪದ್ಧತಿಯಲ್ಲ, ಹೆದರಿಕೆ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅವನೇ ಬಂದನೆಂದು ಊಟ ಬಿಡುವರು. ಅದನ್ನು ನೋಡಲಾಗುತ್ತಿರಲಿಲ್ಲ ನನಗೆ. ಒಮ್ಮೆ ಅವನನ್ನು ತೋರಿಸಿ ಆ ಭಯ ಬಿಡಿಸಬೇಕೆಂಬ ಹಟ ನನ್ನದು.

ಮೂಡಿಗೆರೆಯಲ್ಲಿ ನಿವೃತ್ತ ವಿಜ್ಞಾನದ ಮೇಷ್ಟ್ರೊಬ್ಬರ ಮನೆಯಲ್ಲಿ ಎರಡು ಬಗೆಯ ದುರ್ಬೀನುಗಳಿದ್ದವು. ಕೊಳ್ಳುವ ಮೊದಲು ನೋಡೋಣವೆಂದು ಮೂವರೂ ಜೀಪು ಹತ್ತಿ ಹೋದೆವು.

"ಡಬ್ಬದ ಮೇಲೆ ಇಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅಂತ ಬರ್ದಿರ್ತಾರೆ, ಅದನ್ನ ನಂಬಬೇಡಿ. ಕೊಳವೆ ಬಾಯಿ ಎಷ್ಟು ಅಗಲ ಇದೆ ನೋಡಿ, ಸ್ಟ್ಯಾಂಡಿನ ಕಾಲು ಅಲ್ಲಾಡುತ್ತಾ ನೋಡಿ," ಎಂದರು ಮೇಷ್ಟ್ರು.

ಮೊದಲನೆಯದು ಮಸೂರದ್ದು. ಉದ್ದಕ್ಕೆ, ಬೆಳ್ಳಗೆ ಇತ್ತು. ಹಿಂದಿನಿಂದ ಕಣ್ಣಿಟ್ಟು ನೇರ ನೋಡುವುದು. ನನಗೆ ಕಂಡ ಕೂಡಲೇ ಮನಸ್ಸಾಯಿತು. ಅತ್ತೆಯೂ ಕಣ್ಣಿಟ್ಟು ದೂರದ ಗುಡ್ಡದ ಮೊಬೈಲ್ ಟವರು ನೋಡಿ ಖುಷಿಪಟ್ಟರು.

"ಇದ್ರಲ್ಲಿ ಶನಿನೂ ಕಾಣ್ತಾನಾ?"

"ಬಳೆ ಸಮೇತ ಕಾಣ್ತಾನೆ ಅಮ್ಮ," ಎಂದರು ಮೇಷ್ಟ್ರು.

ಅತ್ತೆ ಬಿಸಿ ಪಾತ್ರೆ ಮುಟ್ಟಿದವರಂತೆ ಹಿಂದೆ ಸರಿದರು. "ಅಯ್ಯೋ ಶಿವನೇ! ಅವನ ಮುಖಕ್ಕೆ ಮುಖ ಕೊಟ್ಟು ನೋಡೋದಾ? ನನ್ ಕೈಲಾಗಲ್ಲ ಮಾರಾಯ್ರೆ."

ಎರಡನೆಯದು ದಪ್ಪ ಕೊಳವೆ, ತಳದಲ್ಲಿ ಕನ್ನಡಿ. ತಿರುಗುವ ಮರದ ಪೀಠದ ಮೇಲೆ ಹಂಡೆಯ ಹಾಗೆ ಕೂತಿತ್ತು. ನನಗೆ ಒಂಚೂರೂ ಹಿಡಿಸಲಿಲ್ಲ. ಟವರು ಬೇರೆ ಅದರಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು! ಆದರೆ ಕಣ್ಣಿಡುವ ಜಾಗ ಕೊಳವೆಯ ಪಕ್ಕದಲ್ಲಿತ್ತು. ಅತ್ತೆ ಅದಕ್ಕೊಂದು ಸುತ್ತು ಹಾಕಿದರು.

"ಅವನು ಆ ಕಡೆ, ನಾವು ಈ ಕಡೆ ತಿರ್ಗಿ ನಿಲ್ಲೋದು. ಅಲ್ವಾ ಮೇಷ್ಟ್ರೆ?"

"ಹೌದಮ್ಮ. ಅವನ ಬೆಳಕು ಕನ್ನಡಿಗೆ ಬಿದ್ದು ಪಕ್ಕಕ್ಕೆ ಬರುತ್ತೆ."

"ಹಂಗಾದ್ರೆ ಇದೇ ಇರ್ಲಿ."

"ದುರ್ಬೀನು ನಂಗೋ ನಿಮ್ಗೋ ಅತ್ತೆ?" ಎಂದು ಸಿಡುಕಿದೆ. ಯಜಮಾನರು ಮೀಸೆಯಡಿ ನಕ್ಕರು. ಮೇಷ್ಟ್ರೂ ಅತ್ತೆಯ ಕಡೆಯೇ: ಬಾಯಿ ಅಗಲ, ಬೆಳಕು ಹೆಚ್ಚು, ಪೀಠ ಅಲ್ಲಾಡುವುದಿಲ್ಲ. ಮುಖ ಊದಿಸಿಕೊಂಡೇ ಒಪ್ಪಿದೆ.

ಡಿಸೆಂಬರಿನಲ್ಲಿ ಅದು ಮನೆಗೆ ಬಂತು. ನಮ್ಮಲ್ಲಿ ಮರದ ನೆರಳಿಲ್ಲದ ಜಾಗವೆಂದರೆ ಕಾಫಿ ಒಣಗಿಸುವ ಕಣ ಒಂದೇ. ಸಂಜೆ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿದ ಮೇಲೆ ಅಲ್ಲಿ ಪೀಠ ಇಟ್ಟೆವು. ಶನಿವಾರ ಮಾತ್ರ ಬೇಡವೆಂದು ಅತ್ತೆ ಹೇಳಿದ್ದರಿಂದ ಅಂದು ಗುರುವಾರ. ಕಣದ ಮೇಲೆ ಚಪ್ಪಲಿ ಮೆಟ್ಟಿದರೆ ಅವರು ಬಿಟ್ಟಾರೆಯೇ? ಬರಿಗಾಲಲ್ಲಿ ನಡುಗುತ್ತ ಹುಡುಕಿದೆ. ಸಿಕ್ಕ! ಪುಟ್ಟ ಹಳದಿ ಗುಂಡು, ಸುತ್ತ ಬಳೆ. ಐವತ್ತಾಯಿತೆಂಬುದನ್ನು ಮರೆತು ಕುಣಿದುಬಿಟ್ಟೆ.

"ಬನ್ನಿ ಅತ್ತೆ."

ಅವರು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು ಬಂದು ಪಕ್ಕಕ್ಕೆ ನಿಂತರು. ಬಗ್ಗಿದರು, ಕಣ್ಣು ಮುಚ್ಚಿಯೇ ಇತ್ತು. ಒತ್ತಾಯ ಮಾಡಿದೆನಾ ಎಂದುಕೊಂಡೆ. ಆಮೇಲೆ ಮೆಲ್ಲಗೆ ಕಣ್ಣು ತೆರೆದರು.

"ಇವನಾ?"

"ಹೂಂ ಅತ್ತೆ, ಅವನೇ."

"ಇಷ್ಟು ಚಂದ ಇದಾನಲ್ಲೇ, ಮಾರಾಯ್ತಿ! ಇಷ್ಟು ವರ್ಷ ಒಬ್ರೂ ಹೇಳ್ಲಿಲ್ಲ."

ತೋಳಿನ ಹಿಡಿತ ಸಡಿಲವಾಯಿತು. ಮತ್ತೆ ಮತ್ತೆ ನೋಡಿದರು. ನನಗೆ ಸರದಿಯೇ ಸಿಗಲಿಲ್ಲ, ಸಿಟ್ಟೂ ಬರಲಿಲ್ಲ.

ಎರಡು ದಿನ ಕಳೆದು ಶನಿವಾರ ಗುಡಿಗೆ ಹೋದೆವು. ಅತ್ತೆ ದೀಪ ಹಚ್ಚಿದರು. ನಾನು ಎಂದಿನಂತೆ ಪಕ್ಕಕ್ಕೆ ಸರಿದು ಕೈಮುಗಿದೆ. ತಿರುಗಿ ನೋಡಿದರೆ ಅತ್ತೆ ನನ್ನ ಹತ್ತಿರ ಇಲ್ಲ, ಶನಿಯ ನೇರ ಎದುರು ನಿಂತಿದ್ದಾರೆ.

"ಇಲ್ಲಿ ಬಾರೆ," ಎಂದು ನನ್ನ ಕೈ ಹಿಡಿದು ಎಳೆದರು. "ಅಲ್ಲಿಂದ ಅವನು ಸರಿಯಾಗಿ ಕಾಣಲ್ಲ."