ಅರ ಹಾಕಿಸಿದ ಜಪಾನಿ ಕತ್ತಿ

ಹವಾಲ್ದಾರ್ ಸಾಬರ ವಿಷಯದಲ್ಲಿ ನಾನು ಮಾಡಿದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ. ಹೇಳಿದ್ದರೆ ‘ನಿಮ್ಮ ಜಂಭ ನನಗೆ ಗೊತ್ತಿಲ್ಲವೇ’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದಳು. ಅವಳು ಹೇಳುವುದು ಸರಿಯಾಗಿಯೇ ಇರುತ್ತಿತ್ತು.

ಆಗ ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಸಿರಾದ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಅಮ್ಮ ಇದ್ದದ್ದು ನಮ್ಮೂರು ಮಧುಗಿರಿಯಲ್ಲಿ. ಹಳೆಯ ಆಯುಧ ಕೂಡಿಹಾಕುವ ಹುಚ್ಚು ಹೊಸದಾಗಿ ಹಿಡಿದಿತ್ತು. ಚನ್ನರಾಯನದುರ್ಗದ ಒಂದು ಮನೆಯ ಅಟ್ಟದಿಂದ ಇಳಿಸಿದ ಬಾಕು, ಪಾವಗಡದ ಕಡೆಯಿಂದ ತಂದ ಹಿಡಿಯಿಲ್ಲದ ಕತ್ತಿ, ಕಳ್ಳಂಬೆಳ್ಳದಲ್ಲಿ ಕೆರೆಯ ಹೂಳು ತೆಗೆಯುವಾಗ ಸಿಕ್ಕ ಈಟಿಯ ಮೊನೆ. ಮೂರೇ ಮೂರು. ಆದರೆ ನನ್ನ ಮಾತು ಕೇಳಿದವರು ಅರಮನೆಯ ಆಯುಧಶಾಲೆಯ ಬೀಗದಕೈ ನನ್ನ ಸೊಂಟದಲ್ಲಿದೆ ಎಂದುಕೊಳ್ಳಬೇಕು, ಹಾಗೆ ಮಾತಾಡುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಎದುರು ಹೇಳಿದರೆ ಸಿಡುಕುತ್ತಿದ್ದೆ ಕೂಡ.

ಹವಾಲ್ದಾರ್ ಸಾಬರು ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆ ಮಿಷನ್ ಇಟ್ಟುಕೊಂಡಿದ್ದರು. ಯುದ್ಧದ ಕಾಲದಲ್ಲಿ ಬರ್ಮಾಕ್ಕೆ ಹೋಗಿ ಬಂದವರು. ಪೆನ್ಷನ್ ಬಂದಮೇಲೂ ಸಿರಾದ ಜನ ಅವರನ್ನು ಹವಾಲ್ದಾರ್ ಎಂದೇ ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಪ್ಯಾಂಟಿನ ಅಳತೆ ಕೊಡಲು ಹೋದವನನ್ನು ಅವರು ಒಳಗೆ ಕರೆದು, ಟ್ರಂಕಿನಿಂದ ಕಂಬಳಿ ಸುತ್ತಿದ ಉದ್ದನೆಯ ಒಂದು ಗಂಟು ತೆಗೆದರು. ಬಿಚ್ಚಿದರೆ ಚರ್ಮದ ಹೊದಿಕೆಯ ಒರೆ, ಹಗ್ಗ ಹೆಣೆದ ಹಿಡಿ, ಸಣ್ಣಗೆ ಬಾಗಿದ ಕತ್ತಿ.

“ಇದು ನಂದಲ್ಲ ಮೇಷ್ಟ್ರೇ,” ಎಂದರು ಸಾಬರು. “ಲಡಾಯಿ ಮುಗಿದಾಗ ಜಪಾನಿನೋರು ಕತ್ತಿಗಳೆಲ್ಲ ತಂದು ರಾಶಿ ಹಾಕಿದ್ರು. ನಮ್ ಸಾಹೇಬ್ರು ನಂಗೊಂದು ಕೊಟ್ರು. ಆಮೇಲೆ ಕೈದಿಗಳನ್ನ ಕಾಯೋ ಡ್ಯೂಟಿ ಬಿತ್ತು. ಅಲ್ಲಿ ಜ್ವರ ಬಂದು ಮಲಗಿದ್ದ ಒಬ್ಬ ಆಫೀಸರ್ ಇದನ್ನ ನೋಡ್ಬುಟ್ಟು ಎದ್ದು ಕೂತ. ಅವಂದೇ ಇದು! ಅವ್ನ ಮಾತು ನಂಗೆ ಬರಾಕಿಲ್ಲ, ನನ್ ಮಾತು ಅವಂಗೆ ಬರಾಕಿಲ್ಲ. ಇಷ್ಟೆತ್ತರ ಒಬ್ಬ ಮಗ ಅವ್ನೆ ಅಂತ ಕೈಯಾಗೆ ತೋರಿಸ್ದ. ಕತ್ತಿ ಮುಟ್ಟಿ, ಬೆರಳಾಗೆ ಬರೆದಂಗೆ ಮಾಡ್ದ. ಇದರಾಗೆ ಹೆಸರೈತೆ, ಮನೆಗೆ ತಲುಪ್ಸು ಅಂತ. ನಾನು ಅವ್ನ ಕೈ ಹಿಡ್ದು ಜಬಾನ್ ಕೊಟ್ಟೆ. ಮೂರನೇ ದಿನಕ್ಕೆ ತೀರ್ಕೊಂಡ.”

ಕೊಟ್ಟ ಮಾತು ಹನ್ನೆರಡು ವರ್ಷಕ್ಕೂ ಮೇಲೆ ಅವರ ಟ್ರಂಕಿನಲ್ಲಿ ಬಿದ್ದಿತ್ತು. ಆ ಹೆಸರು ಎಲ್ಲಿದೆ, ಅದನ್ನು ಓದುವವರು ಯಾರು ಎಂದು ಅವರಿಗೆ ತಿಳಿಯದು. “ನೀವು ಓದ್ದೋರು, ಇಂಥವನ್ನ ಬಲ್ಲೋರು. ಆ ಮಗ ಈಗ ದೊಡ್ಡೋನಾಗಿರ್ತಾನೆ. ನಾನು ಕಣ್ಣು ಮುಚ್ಚೋದ್ರೊಳಗೆ ಅವ್ನ ಕೈ ಸೇರಿಸಿಬುಡಿ, ನಿಮಗೆ ಪುಣ್ಯ ಬತ್ತದೆ,” ಎಂದು ಎರಡೂ ಕೈಯಲ್ಲಿ ಕತ್ತಿಯನ್ನು ನನಗೆ ಒಪ್ಪಿಸಿದರು.

ಬಲ್ಲೋರು! ಆ ಒಂದು ಮಾತಿಗೆ ನಾನು ಉಬ್ಬಿಹೋದೆ. ಜಪಾನಿನ ಕತ್ತಿಯನ್ನು ಅದುವರೆಗೆ ಕಣ್ಣಿನಲ್ಲಿ ಕಂಡವನಲ್ಲ, ಅದನ್ನಾದರೂ ಹೇಳಬೇಡವೇ? ಹೇಳಲಿಲ್ಲ. ಗಂಭೀರವಾಗಿ ತಲೆಯಾಡಿಸಿ ಕತ್ತಿಯನ್ನು ರೂಮಿಗೆ ತಂದೆ.

ಭೂತಗನ್ನಡಿ ಹಿಡಿದು ಎರಡು ಭಾನುವಾರ ಪರೀಕ್ಷೆ ನಡೆಸಿದೆ. ಅಲಗಿನ ಎರಡು ಮೈಯಲ್ಲೂ ಅಕ್ಷರವಿರಲಿಲ್ಲ. ಕೈ ಜಾರದಂತೆ ಅಡ್ಡ ಕೊಟ್ಟಿದ್ದ ಹಿತ್ತಾಳೆಯ ಬಿಲ್ಲೆಯ ಮೇಲೆ ಹೂವಿನ ಅಚ್ಚು ಮಾತ್ರ ಇತ್ತು. ಹರಿತದ ಅಂಚಿನುದ್ದಕ್ಕೂ ಹಾಲು ಕಾಯಿಸಿದ ಪಾತ್ರೆಯೊಳಗೆ ಉಳಿಯುವ ಗೆರೆಯ ಹಾಗೆ ಬೆಳ್ಳಗೆ ಏರಿಳಿಯುವ ಒಂದು ಪಟ್ಟೆ ಕಾಣುತ್ತಿತ್ತು. ಯಾವುದೋ ಆಸಿಡ್ ತಾಗಿದ ಕಲೆ ಇರಬೇಕೆಂದುಕೊಂಡೆ. ಬಿಲ್ಲೆ, ಒರೆ, ಹಿಡಿ ಎಲ್ಲ ಕಾರ್ಖಾನೆಯ ಮಾಲು. ಹಾಗಾದರೆ ಕತ್ತಿಯೂ ಯುದ್ಧಕ್ಕೆಂದು ಸಾವಿರಗಟ್ಟಲೆ ಮಾಡಿದ್ದರಲ್ಲಿ ಒಂದು ಎಂದು ತೀರ್ಮಾನಿಸಿ ನೋಟ್‌ಬುಕ್ಕಿನಲ್ಲಿ ಬರೆದೂಬಿಟ್ಟೆ. ಹಿಡಿ ಬಿಚ್ಚಿ ಒಳಗೆ ನೋಡಬೇಕು ಅನ್ನುವುದು ಈ ಪಂಡಿತನಿಗೆ ಹೊಳೆಯಲಿಲ್ಲ. ಆದರೂ ಒಂದು ಒಳ್ಳೆಯ ಕೆಲಸ ಮಾಡಿದೆ. ಮದರಾಸಿನಲ್ಲಿದ್ದ, ಆಯುಧಗಳನ್ನು ನಿಜವಾಗಿ ಬಲ್ಲ ಹಿರಿಯರೊಬ್ಬರ ವಿಳಾಸ ಹುಡುಕಿ, ಎಲ್ಲವನ್ನೂ ವಿವರಿಸಿ ಕಾಗದ ಹಾಕಿದೆ.

ಉತ್ತರ ಬರುವ ಮೊದಲೇ ನವರಾತ್ರಿ ಬಂತು. ಕತ್ತಿಯನ್ನು ಸಿರಾದಲ್ಲೇ ಬಿಟ್ಟು ಹೋಗಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಆದರೆ ಆಯುಧಪೂಜೆಯ ದಿನ ಬಾಕು, ಕತ್ತಿ, ಈಟಿಗಳ ಸಾಲಿನಲ್ಲಿ ಜಪಾನಿ ಕತ್ತಿಯೂ ಮೆರೆಯಬೇಕು, ಬೀದಿಯವರೆಲ್ಲ ಬಂದು ನೋಡಬೇಕು ಎಂಬ ಚಪಲ. ಚಾಪೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮಧುಗಿರಿಗೆ ಒಯ್ದೆ.

ನಮ್ಮ ಮನೆಯಲ್ಲಿ ಆಯುಧಪೂಜೆಗೆ ಮುಂಚೆ ಕಬ್ಬಿಣವೆಲ್ಲ ಬೆಳಗಬೇಕು. ಈಳಿಗೆಮಣೆ, ಕುಡುಗೋಲು, ಹಾರೆ, ಬಾವಿಯ ರಾಟೆ, ಒಂದನ್ನೂ ಬಿಡದೆ ಅಮ್ಮ ಹುಣಸೆಹಣ್ಣು, ಇಟ್ಟಿಗೆಪುಡಿ ಹಾಕಿ ತಿಕ್ಕಿಸುತ್ತಿದ್ದಳು. ಆಮೇಲೆಯೇ ವಿಭೂತಿ, ಕುಂಕುಮ. ಕತ್ತಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ ಅಮ್ಮ ಹಿಡಿಯ ಸಂದಿನಲ್ಲಿ ಬೆರಳಾಡಿಸಿದಳು. ಬೆರಳಿಗೆ ಕಂದು ಪುಡಿ ಹತ್ತಿತು.

“ಏನೋ ಇದು, ಒಳಗೆಲ್ಲಾ ತುಕ್ಕು! ಇದನ್ನ ದೇವ್ರ ಮುಂದೆ ಇಡ್ತೀಯಾ? ಮೊದ್ಲು ಕಮ್ಮಾರನ ಹತ್ರ ತಗೊಂಡೋಗು.”

ಹಬ್ಬದ ಹಿಂದಿನ ದಿನ ಕುಲುಮೆಯ ಮುಂದೆ ಕುಡುಗೋಲು, ಮಚ್ಚುಗಳ ರಾಶಿ. ಕಮ್ಮಾರ ನಮ್ಮ ತಂದೆಯ ಕಾಲದಿಂದ ನಮ್ಮ ಮನೆಯ ಕೆಲಸ ಮಾಡುತ್ತಿದ್ದವನು. ಹಿಡಿಯಲ್ಲಿದ್ದ ಬಿದಿರಿನ ಸಣ್ಣ ಬೆಣೆಯನ್ನು ಮೊಳೆಯಿಂದ ತಟ್ಟಿ ಬೀಳಿಸಿ, ಹಿಡಿಯನ್ನು ಸಲೀಸಾಗಿ ಎಳೆದು ತೆಗೆದ. ಹಿಡಿಯೊಳಗೆ ಅಡಗಿದ್ದ ಕಬ್ಬಿಣದ ಬಾಲ ಹೊರಗೆ ಬಂತು. ಕಪ್ಪಗೆ ದಟ್ಟವಾಗಿ ತುಕ್ಕು ಕಟ್ಟಿತ್ತು. ಅವನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿದ.

“ಸ್ವಾಮಿ, ಇಲ್ಲೇನೋ ಗೀರಿದಂಗೈತೆ. ಈ ಕಡೀಕೂ ಐತೆ, ಆ ಕಡೀಕೂ ಐತೆ. ಅರ ಹಾಕಿದ್ರೆ ಎಲ್ಲಾ ಹೊಂಟೋಯ್ತದೆ. ಹಾಕ್ಬುಡ್ಲಾ, ಹೆಂಗೆ?”

ನಾನು ನೋಡಿದೆ. ನೋಡಲಿಲ್ಲ ಎಂದು ಹೇಳುವ ಹಾಗಿಲ್ಲ. ತುಕ್ಕು ತುಂಬಿದ, ನೆಟ್ಟಗೆ, ಅಡ್ಡಡ್ಡ ಇದ್ದ ಸಣ್ಣ ಗೀರುಗಳು. ನಾನು ಕಂಡ ಅಕ್ಷರಗಳೆಂದರೆ ನಮ್ಮ ಕಲ್ಲುಶಾಸನಗಳ ಗುಂಡು ಗುಂಡು ಕನ್ನಡ, ಇಲ್ಲವೇ ಸಿರಾದ ಮಸೀದಿಯ ಗೋಡೆಯ ಬಳುಕುವ ಫಾರಸಿ. ಅಕ್ಷರ ಅಂದಮೇಲೆ ಗುಂಡಗೆ ತಿರುಗಬೇಕು, ಇಲ್ಲವೇ ಬಳುಕಬೇಕು. ಕಡ್ಡಿ ಮುರಿದು ಚೆಲ್ಲಿದ ಹಾಗೆ ಬಿದ್ದಿದ್ದ ಆ ಗೀರುಗಳು ಅಕ್ಷರವೆಂದು ನನಗೆ ಅನ್ನಿಸಲೇ ಇಲ್ಲ.

“ಉಳಿ ತಾಗಿರೋ ಗುರುತು ಕಣಯ್ಯ. ನೀಟಾಗಿ ಅರ ಹಾಕು, ಫಳಫಳ ಅನ್ಬೇಕು,” ಎಂದೆ.

ಅವನು ನಾಲ್ಕಾರು ಸಲ ಎಳೆದು ಮತ್ತೆ ನಿಲ್ಲಿಸಿದ. “ಆಳವಾಗೈತೆ ಸ್ವಾಮಿ, ಬೇಕು ಅಂತ್ಲೇ ಕೆತ್ತಿದಂಗೈತೆ ಕಣ್ರಿ.” ನನಗೆ ಸಿಟ್ಟು ಬಂತು. ಕತ್ತಿಯ ವಿಷಯ ಇವನು ನನಗೆ ಹೇಳಿಕೊಡುವುದೇ? “ಹೇಳ್ದಷ್ಟು ಮಾಡಯ್ಯ,” ಎಂದು ಗದರಿದೆ. ಅವನು ಕೆಲಸ ಮುಗಿಸಿದ. ಕಬ್ಬಿಣದ ಬಾಲ ಹೊಸ ಚಮಚದಂತೆ ಹೊಳೆಯಿತು. ಮರುದಿನ ಪೂಜೆಯಲ್ಲಿ ಕತ್ತಿಗೆ ಅಮ್ಮ ಚೆಂಡುಹೂವಿನ ಹಾರ ಹಾಕಿದಳು. ಬೀದಿಯವರು ಬಂದು ನೋಡಿದರು, ನಾನು ವಿವರಿಸಿದೆ.

ಸಿರಾಕ್ಕೆ ವಾಪಸು ಬಂದಾಗ ಮದರಾಸಿನ ಕಾಗದ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ನಿಂತಲ್ಲೇ ಒಡೆದು ಓದಿದೆ. ಅಂಚಿನ ಬಿಳಿ ಪಟ್ಟೆ ಕಲೆಯಲ್ಲ, ಕಾಯಿಸಿ ನೀರಿಗೆ ಅದ್ದಿ ಹದ ಕೊಟ್ಟಾಗ ಮೂಡುವಂಥದು, ಕೈಯಿಂದ ಮಾಡಿದ ಒಳ್ಳೆಯ ಕತ್ತಿಯ ಲಕ್ಷಣ ಎಂದು ಬರೆದಿದ್ದರು. ಯುದ್ಧಕ್ಕೆ ಹೊರಟ ಎಷ್ಟೋ ಮಂದಿ ಮನೆತನದ ಹಳೆಯ ಅಲಗಿಗೇ ಸರ್ಕಾರದ ಒರೆ, ಹಿಡಿ ಹಾಕಿಸಿಕೊಂಡಿದ್ದರಂತೆ. ಹೊರಗಿನ ಸಾಮಾನು ನೋಡಿ ಅಲಗಿಗೆ ಬೆಲೆ ಕಟ್ಟುವುದು ಹೊಸಬರ ತಪ್ಪು. ಮುಂದೆ ಅವರ ಮಾತು ಹೀಗಿತ್ತು: ಬಿದಿರಿನ ಬೆಣೆ ತೆಗೆದು ಹಿಡಿ ಬಿಚ್ಚಿ. ಒಂದು ಮೈಯಲ್ಲಿ ಮಾಡಿದವನ ಹೆಸರು, ಇನ್ನೊಂದರಲ್ಲಿ ವರ್ಷ, ಕೆಲವೊಮ್ಮೆ ಯಾರಿಗಾಗಿ ಮಾಡಿದ್ದು ಅನ್ನುವುದೂ ಕೆತ್ತಿರುತ್ತದೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಕಳಿಸಿ. ಟೋಕಿಯೋದಲ್ಲಿ ನನಗೆ ಸ್ನೇಹಿತರಿದ್ದಾರೆ, ಮನೆತನ ಪತ್ತೆಯಾಗುವ ಸಂಭವ ಹೆಚ್ಚು. ಕೊನೆಯ ಸಾಲಿಗೆ ಅಡಿಗೆರೆ ಎಳೆದಿದ್ದರು: ಅಲ್ಲಿಯ ತುಕ್ಕನ್ನು ಯಾವ ಕಾರಣಕ್ಕೂ ಮುಟ್ಟಬೇಡಿ, ಆ ಕತ್ತಿಯ ವಯಸ್ಸಿಗೆ ಅದೇ ಸಾಕ್ಷಿ.

ಅಯ್ಯೋ ದೇವರೇ! ಹಿಡಿ ಕಿತ್ತು ಬೆಳಕಿಗೆ ಹಿಡಿದೆ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಉಜ್ಜಿ ಉಜ್ಜಿ ಕಾಗದ ಹರಿಯಿತು. ಅರದ ಗೆರೆಗಳು ಬಿಟ್ಟರೆ ಏನೂ ಮೂಡಲಿಲ್ಲ.

ಒಂದು ವಾರ ಬಸ್ ಸ್ಟ್ಯಾಂಡಿನ ಕಡೆ ತಲೆ ಹಾಕಲಿಲ್ಲ. ಕೊನೆಗೆ ಕತ್ತಿ ಹಿಡಿದುಕೊಂಡು ಸಾಬರ ಮುಂದೆ ಹೋಗಿ ಕೂತೆ. ನಿಜ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ. “ಎಲ್ಲಾ ನೋಡಿದೆ ಸಾಬರೇ. ಹಿಡಿ ಬಿಚ್ಚಿಯೂ ನೋಡಿದೆ. ಹೆಸರು ಎಲ್ಲೂ ಇಲ್ಲ. ಕಾರ್ಖಾನೆಯ ಕತ್ತಿ ಇದು.”

ಅವರು ಮಿಷನ್ನಿನ ಗಾಲಿಯನ್ನು ಕೈಯಿಂದ ತಡೆದರು.

“ಇಲ್ವಾ? ಅವನು ಬರೆದಂಗೆ ಮಾಡಿ ತೋರಿಸ್ದ, ನನ್ ಕಣ್ಣಾರೆ ಕಂಡೆ…” ಎಂದು ಬೆರಳನ್ನು ಗಾಳಿಯಲ್ಲಿ ಆಡಿಸಿ, ಅರ್ಧಕ್ಕೇ ನಿಲ್ಲಿಸಿದರು. “ನಾನೇ ತಪ್ಪು ತಿಳ್ಕೊಂಡೆ ಅಂತ ಕಾಣ್ತದೆ ಮೇಷ್ಟ್ರೇ. ಜ್ವರದಾಗೆ ನೀರು ಕೇಳ್ದನೋ ಏನೋ. ನಾನು ಇಷ್ಟು ವರ್ಷ ಏನೇನೋ ಅಂದ್ಕೊಂಡು ಕುಂತಿದ್ದೆ.”

‘ಇಲ್ಲ ಸಾಬರೇ, ನೀವು ತಿಳಿದುಕೊಂಡದ್ದೇ ಸರಿ’ ಎಂದಷ್ಟು ಹೇಳಿದ್ದರೆ ಸಾಕಿತ್ತು. ಮಾತು ಉಳಿಸಿಕೊಳ್ಳಲು ಆಗದಿದ್ದರೂ ಮಾತು ಕೊಟ್ಟದ್ದು ನಿಜ ಅನ್ನುವುದಾದರೂ ಅವರಿಗೆ ಉಳಿಯುತ್ತಿತ್ತು.

“ನೀವೇ ಇಟ್ಕೊಳ್ಳಿ,” ಎಂದರು ಅವರು, ಕತ್ತಿಯನ್ನು ನನ್ನ ಕಡೆಗೆ ಸರಿಸುತ್ತಾ. “ನನಗಾಗಿ ಇಷ್ಟು ಓಡಾಡಿದೀರಿ. ನಿಮಗೆ ಇಂಥವು ಅಂದ್ರೆ ಆಸೆ.”

ನಾನು ತೆಗೆದುಕೊಂಡೆ.